ಹಯಾಬುಸಾ ಕ್ಲಚ್: ಮೂರು ಸಲ ಬ್ಲೀಡ್ ಮಾಡಿದರೂ ನ್ಯೂಟ್ರಲ್ ಸಿಗ್ತಿಲ್ಲ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬರೀತಿದ್ದೇನೆ. ಬೈಕು 2011ರ ಸುಜುಕಿ ಹಯಾಬುಸಾ, 1340 ಸಿಸಿ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಜೂನ್‌ನಲ್ಲಿ ಟಾರ್ಪಾಲು ಹೊದಿಸಿದವನು ಆಯುಧ ಪೂಜೆಗೇ ತೆಗೆದೆ. ತೊಳೆದು, ಕುಂಕುಮ ಇಟ್ಟು, ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟು ಸ್ಟಾರ್ಟ್ ಮಾಡಿದೆ. ಕ್ಲಚ್ ಪೂರ್ತಿ ಹಿಡಿದುಕೊಂಡೇ ಫಸ್ಟ್ ಗೇರ್ ಹಾಕಿದೆ. ಬೈಕು ತಾನಾಗಿಯೇ ನಿಂಬೆಹಣ್ಣು ಹತ್ತಿ ಮುಂದೆ ಹೋಯ್ತು! ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಎದೆ ಧಸಕ್ ಅಂತು.

ಲಿವರ್ ಮೆತ್ತಗಿದೆ. ಹ್ಯಾಂಡಲ್‌ಗೆ ತಾಗುವ ಹೊತ್ತಿಗೆ ಕ್ಲಚ್ ಅರ್ಧಂಬರ್ಧ ಬಿಡುತ್ತದೆ. ನಿಂತಾಗ ನ್ಯೂಟ್ರಲ್ ಸಿಗೋದೇ ಇಲ್ಲ. ಮೂರು ನಾಲ್ಕು ಸಲ ಬೇಗ ಬೇಗ ಒತ್ತಿದರೆ ಸ್ವಲ್ಪ ಪರವಾಗಿಲ್ಲ. ಇದರ ಕ್ಲಚ್‌ಗೆ ಕೇಬಲ್ ಇಲ್ಲ, ಬ್ರೇಕಿನ ಹಾಗೆ ಫ್ಲೂಯಿಡ್ ಒತ್ತಡದಿಂದ ನಡೆಯುತ್ತದೆ. ಹ್ಯಾಂಡಲ್ ಮೇಲಿನ ಡಬ್ಬಿಯಲ್ಲಿದ್ದ ಫ್ಲೂಯಿಡ್ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ತಮ್ಮನನ್ನು ಲಿವರ್ ಹತ್ತಿರ ಕೂರಿಸಿಕೊಂಡು ಮೂರು ಸಲ ಬ್ಲೀಡ್ ಮಾಡಿದೆ, ಅಂದರೆ ಕೆಳಗಿನ ನಿಪ್ಪಲ್ ಸಡಿಲಿಸಿ ಹಳೇ ಫ್ಲೂಯಿಡ್ ಜೊತೆ ಒಳಗಿನ ಗಾಳಿಯನ್ನು ಪೈಪಿನಿಂದ ಹೊರಗೆ ಬಿಟ್ಟೆ. ಪೈಪಿನಲ್ಲಿ ಈಗ ಒಂದು ಗುಳ್ಳೆಯೂ ಬರೋದಿಲ್ಲ. ಆದರೂ ಅದೇ ಕಥೆ. ಏನು ಮಾಡಲಿ?

ಹಳೇ ಸ್ಪ್ಯಾನರ್

ಪೂಜೆ ಫಲಿಸಿದೆ ಬಿಡಿ, ಗೋಡೆಗೆ ಗುದ್ದಲಿಲ್ಲವಲ್ಲ.

ಮೊದಲು ಮೂರು ವಿಷಯ ಹೇಳಿ. ಲಿವರ್ ಒತ್ತಿ ಒಂದು ನಿಮಿಷ ಹಾಗೇ ಹಿಡಿದರೆ ಮೆಲ್ಲಗೆ ಕುಸಿಯುತ್ತಾ? ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿದೆಯಾ? ಎಡಗಡೆ ಮುಂದಿನ ಸ್ಪ್ರಾಕೆಟ್ ಕವರ್ ಸುತ್ತ ಒದ್ದೆ ಇದೆಯಾ? ಫ್ಲೂಯಿಡ್ ಒತ್ತಡಕ್ಕೆ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಕೂತಿರೋದು ಅಲ್ಲೇ. ಚೈನ್ ಎರಚುವ ಎಣ್ಣೆ, ಮಣ್ಣು ಎಲ್ಲ ಅದರ ಮುಖಕ್ಕೇ ಹೊಡೆಯುತ್ತದೆ.

ಮಟ್ಟದ ಬಗ್ಗೆ ಯಾಕೆ ಕೇಳಿದೆ ಅಂದರೆ, ಇಲ್ಲಿ ತುಂಬಾ ಜನ ಎಡವುತ್ತಾರೆ. ಬ್ರೇಕ್‌ನಲ್ಲಿ ಪ್ಯಾಡ್ ಸವೆದಂತೆ ಡಬ್ಬಿಯ ಫ್ಲೂಯಿಡ್ ಇಳಿಯೋದು ಸಹಜ. ನಿಮ್ಮ ಕ್ಲಚ್‌ನಲ್ಲಿ ಉಲ್ಟಾ. ಕ್ಲಚ್ ಪ್ಲೇಟ್ ಸವೆದಂತೆ ಪುಶ್ ರಾಡ್ ಅನ್ನೋ ಸಲಾಕೆ ಸ್ಲೇವ್‌ನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ಮಟ್ಟ ಏರುತ್ತದೆ. ಹಾಗಾಗಿ ಕ್ಲಚ್ ಡಬ್ಬಿಯಲ್ಲಿ ಮಟ್ಟ ಇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ ಲೆಕ್ಕ. ಇದೇ ಕಾರಣಕ್ಕೆ ಬಾಯಿವರೆಗೂ ತುಂಬಿಸಲೂಬಾರದು.

ತುಂಗಾತೀರ

ಸರ್, ಲಿವರ್ ಕುಸಿಯೋದಿಲ್ಲ. ಎರಡು ದಿನದಿಂದ ಗುರುತು ಹಾಕಿ ನೋಡುತ್ತಿದ್ದೇನೆ, ಮಟ್ಟ ಅಲ್ಲೇ ಇದೆ. ಸ್ಪ್ರಾಕೆಟ್ ಕವರ್ ಹತ್ತಿರ ಕಪ್ಪು ಗಸಿ ಇದೆ, ಒದ್ದೆ ಇಲ್ಲ.

ಗಾಡಿ ಹುಚ್ಚ

ಗುರು, ಸುಮ್ನೆ ತಲೆ ಕೆಡಿಸ್ಕೋಬೇಡ. ಡಾಟ್ 5 ಬ್ರೇಕ್ ಫ್ಲೂಯಿಡ್ ಹಾಕು. ಡಾಟ್ 4ಕ್ಕಿಂತ 5 ಪವರ್ ಜಾಸ್ತಿ ಅಲ್ವಾ?

ಹಳೇ ಸ್ಪ್ಯಾನರ್

ದಯವಿಟ್ಟು ಬೇಡ. ಡಾಟ್ 5 ಅಂದರೆ ಸಿಲಿಕೋನ್, ಅದರ ಜಾತಿಯೇ ಬೇರೆ. ಡಾಟ್ 4 ಜೊತೆ ಬೆರೆಯೋದಿಲ್ಲ. 5.1 ಮಾತ್ರ ಡಾಟ್ 4ರ ಬಳಗ. ಹೆಸರಿಟ್ಟವರು ಯಾವ ಲೆಕ್ಕದಲ್ಲಿ ಇಟ್ಟರೋ! ಈ ಬೈಕಿಗೆ ಡಾಟ್ 4 ಸಾಕು, ಡಬ್ಬಿಯ ಮುಚ್ಚಳದ ಮೇಲೂ ಅದನ್ನೇ ಬರೆದಿರುತ್ತದೆ.

ಮ್ಯೂನಿಕ್ ಕನ್ನಡಿಗ

ಮುಚ್ಚಳ ಓದುವ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ನನ್ನ ಕೆಟಿಎಂ 990ರಲ್ಲಿ ಬ್ರೇಕ್‌ಗೆ ಡಾಟ್ ಫ್ಲೂಯಿಡ್, ಕ್ಲಚ್‌ಗೆ ಮಿನರಲ್ ಆಯಿಲ್. ಒಂದೇ ಹ್ಯಾಂಡಲ್‌ನಲ್ಲಿ ಎರಡು ಡಬ್ಬಿ, ಎರಡು ಬೇರೆ ಎಣ್ಣೆ. ಅದಲು ಬದಲು ಮಾಡಿದರೆ ರಬ್ಬರ್ ಸೀಲ್‌ಗಳು ಊದಿ ಹಾಳಾಗುತ್ತವೆ.

ಕುಡ್ಲ ಕ್ಲಚ್

ಮಾರಾಯ್ರೇ, ಗುಳ್ಳೆ ಪೈಪಿನಲ್ಲಿ ಬರಲಿಲ್ಲ ಅಂದ ಮಾತ್ರಕ್ಕೆ ಒಳಗೆ ಗಾಳಿ ಇಲ್ಲ ಅಂತ ಅಲ್ಲ. ಪಂಪ್ ಮಾಡಿದಾಗ ಸರಿ ಹೋಗ್ತದೆ ಅಂತ ನೀವೇ ಬರೆದಿದ್ದೀರಿ. ಅದು ಗಾಳಿಯದೇ ಲಕ್ಷಣ. ಗಾಳಿ ಮೇಲಕ್ಕೆ ಹೋಗುವ ವಸ್ತು, ನೀವು ಅದನ್ನು ಕೆಳಗಿನ ನಿಪ್ಪಲ್‌ನಿಂದ ಎಳೆಯುತ್ತಿದ್ದೀರಿ. ಇಡೀ ಲೈನಿನಲ್ಲಿ ಎತ್ತರದ ಜಾಗ ಯಾವುದು ನೋಡಿ: ಲಿವರ್ ಒತ್ತುವ ಮಾಸ್ಟರ್ ಸಿಲಿಂಡರ್‌ನಿಂದ ಪೈಪು ಹೊರಡುವಲ್ಲಿ ಅದನ್ನು ಜೋಡಿಸಿರುವ ಬ್ಯಾಂಜೋ ಬೋಲ್ಟ್. ಒಂದು ಗುಳ್ಳೆ ಅಲ್ಲಿ ಕೂತರೆ ಬಾಟಲಿಗಟ್ಟಲೆ ಸುರಿದರೂ ಅಲುಗೋದಿಲ್ಲ.

ಟ್ಯಾಂಕಿನ ಮೇಲೆ, ಪಕ್ಕದ ಫೇರಿಂಗ್ ಮೇಲೆ ಒದ್ದೆ ಬಟ್ಟೆ ಹಾಸಿ. ಡಾಟ್ 4 ಬಿದ್ದರೆ ಪೇಂಟ್ ಎದ್ದು ಬರ್ತದೆ. ಬಿದ್ದರೆ ಒರೆಸಬೇಡಿ, ತಕ್ಷಣ ನೀರು ಸುರಿಯಿರಿ. ಹ್ಯಾಂಡಲ್ ತಿರುಗಿಸಿ ಬ್ಯಾಂಜೋ ಆದಷ್ಟು ಮೇಲೆ ಬರುವ ಹಾಗೆ ಮಾಡಿ. ಲಿವರ್ ಮೆಲ್ಲಗೆ ಒತ್ತಿ ಹಿಡಿಯಿರಿ, ಬ್ಯಾಂಜೋವನ್ನು ಬಟ್ಟೆಯಲ್ಲಿ ಸುತ್ತಿ ಕಾಲು ಸುತ್ತು ಸಡಿಲಿಸಿ. ಫುಸ್ ಅಂತದೆ. ಬಿಗಿ ಮಾಡಿ, ಆಮೇಲೆ ಲಿವರ್ ಬಿಡಿ. ಈ ಕ್ರಮ ತಪ್ಪಿದರೆ ಗಾಳಿ ವಾಪಸ್ ಒಳಗೇ. ನಾಲ್ಕೈದು ಸಲ ಮಾಡಿ, ಕೊನೆಗೆ ಬೋಲ್ಟನ್ನು ಮ್ಯಾನ್ಯುಯಲ್ ಹೇಳಿದಷ್ಟು ಬಿಗಿ ಮಾಡಿ.

ಆಮೇಲೆ ಸೈಕಲ್ ಟ್ಯೂಬಿನ ಒಂದು ಪಟ್ಟಿಯಿಂದ ಲಿವರನ್ನು ಹ್ಯಾಂಡಲ್‌ಗೆ ಕಟ್ಟಿ ರಾತ್ರಿ ಇಡಿ. ಸಣ್ಣ ಗುಳ್ಳೆಗಳು ಮೇಲಕ್ಕೆ ಬಂದು ಸೇರ್ತವೆ, ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಡಬ್ಬಿಗೆ ಹೋಗ್ತವೆ. ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿನ 50 ಎಂಎಲ್ ಸಿರಿಂಜ್, ಮೀನಿನ ತೊಟ್ಟಿಯ ಏರ್ ಪೈಪು ತಗೊಂಡು ಕೆಳಗಿನ ನಿಪ್ಪಲ್‌ನಿಂದ ಮೇಲಕ್ಕೆ ತಳ್ಳಿ. ಡಬ್ಬಿ ಅರ್ಧ ಖಾಲಿ ಮಾಡಿ ಶುರು ಮಾಡಿ, ಇಲ್ಲದಿದ್ದರೆ ಉಕ್ಕಿ ಮೀಟರ್ ಮೇಲೆಲ್ಲ ಅಭಿಷೇಕ. ಸಿರಿಂಜಿನ ರಬ್ಬರ್ ಡಾಟ್ 4ಕ್ಕೆ ಊದಿಕೊಳ್ತದೆ, ಎರಡನೇ ಸಲಕ್ಕೆ ಸಿಗೋದಿಲ್ಲ.

ಇನ್ನೊಂದು. ಡಬ್ಬಿ ಮುಚ್ಚಳದ ಸ್ಕ್ರೂ ಜಪಾನಿ ಅಳತೆಯ ಪ್ಲಸ್. ಮನೆಯ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ತಲೆ ಸವೆದು ಹೋಗ್ತದೆ. ನನ್ನದು ಹೋಗಿತ್ತು, ಡ್ರಿಲ್ ಮಾಡಿ ತೆಗೆದದ್ದು.

ತುಂಗಾತೀರ

ಕುಡ್ಲದ ಅಣ್ಣನಿಗೆ ದೊಡ್ಡ ನಮಸ್ಕಾರ. ಬ್ಯಾಂಜೋ ಸಡಿಲಿಸಿದ ಕೂಡಲೇ ಸೋಡಾ ಬಾಟಲಿ ತೆಗೆದ ಹಾಗೆ ನೊರೆ ಬಂತು. ರಾತ್ರಿ ಕಟ್ಟಿಯೂ ಇಟ್ಟೆ. ಲಿವರ್ ಈಗ ಗಟ್ಟಿ. ಒಂದು ಸಲ ಒತ್ತಿದರೂ ಹತ್ತು ಸಲ ಒತ್ತಿದರೂ ಒಂದೇ ಥರ.

ಆದರೆ ಪೂರ್ತಿ ಸರಿಯಾಗಿಲ್ಲ. ಲಿವರ್ ಮೊದಲ ಒಂದೂವರೆ ಇಂಚು ಖಾಲಿ ಹೋಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ತೀರ್ಥಹಳ್ಳಿ ಕಡೆಗೆ ಹೋಗಿ ಬಂದೆ. ಇಂಜಿನ್ ಬಿಸಿಯಾದ ಮೇಲೂ ನಿಂತಾಗ ಬೈಕು ತೆವಳುತ್ತದೆ. ಇನ್ನೂ ಎಲ್ಲಿ ಗಾಳಿ ಇದೆ?

ಹಳೇ ಸ್ಪ್ಯಾನರ್

ಇನ್ನು ಬ್ಲೀಡ್ ಮಾಡೋದು ನಿಲ್ಲಿಸಿ. ಪಂಪ್ ಮಾಡಿದರೂ ವ್ಯತ್ಯಾಸ ಇಲ್ಲ ಅಂದರೆ ಗಾಳಿ ಹೋಗಿದೆ. ಕಟ್ಟಿಟ್ಟ ಲಿವರ್ ರಾತ್ರಿಯೆಲ್ಲ ಕುಸಿದಿಲ್ಲ, ಮಟ್ಟ ಇಳಿದಿಲ್ಲ, ಅಂದರೆ ಸೀಲ್‌ಗಳೂ ಬದುಕಿವೆ. ಬಹಳ ದಿನ ನಿಂತು ಪ್ಲೇಟ್ ಅಂಟಿಕೊಂಡಿದ್ದರೆ ಬಿಸಿಯಾದ ಮೇಲೆ ಬಿಡಬೇಕಿತ್ತು. ಉಳಿದದ್ದು ಒಂದೇ: ನೀವು ಒತ್ತಿದಷ್ಟು ಮಾಸ್ಟರ್‌ನ ಪಿಸ್ಟನ್ ಓಡುತ್ತಿಲ್ಲ. ಆ ಲಿವರ್ ಕಂಪನಿಯದೇನಾ?

ತುಂಗಾತೀರ

ಅಲ್ಲ ಸರ್. ಮಳೆಗಾಲಕ್ಕೆ ಮುಂಚೆ ಒಂದು ಅಂಗಡಿಯಲ್ಲಿ ಗಿಡ್ಡ ಅಡ್ಜಸ್ಟಬಲ್ ಲಿವರ್ ಹಾಕಿಸಿದೆ. ಚಿನ್ನದ ಬಣ್ಣದ್ದು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಮೊದಲೇ ಹೇಳಬೇಕು ಅನ್ನಿಸಲಿಲ್ಲ.

ಹಳೇ ಸ್ಪ್ಯಾನರ್

ಅದೇ ನೋಡಿ, ಡಾಕ್ಟರ ಹತ್ತಿರ ಎಲ್ಲ ಹೇಳಿ ಊಟದ ವಿಷಯ ಬಿಟ್ಟ ಹಾಗೆ!

ಲಿವರ್ ತಿರುಗುವ ಪಿವಟ್ ಬೋಲ್ಟ್ ತೆಗೆದು ಲಿವರ್ ಹೊರಗೆ ತನ್ನಿ. ಲಿವರ್‌ನಲ್ಲಿ ಪಿವಟ್ ತೂತಿನ ಪಕ್ಕ ಇನ್ನೊಂದು ತೂತು ಇರುತ್ತದೆ. ಅದರೊಳಗೆ ಹಿತ್ತಾಳೆ ಬಣ್ಣದ ಪುಟ್ಟ ಗುಂಡು ಬುಷ್ ಕೂತಿರಬೇಕು. ಮಾಸ್ಟರ್‌ನಿಂದ ಬರುವ ಪುಶ್ ರಾಡ್‌ನ ತುದಿ ಆ ಬುಷ್‌ನ ಗುಳಿಯಲ್ಲಿ ಕೂರುತ್ತದೆ. ಹೊಸ ಲಿವರ್ ಜೊತೆ ಎಷ್ಟೋ ಸಲ ಬುಷ್ ಬರೋದಿಲ್ಲ, ಹಳೇದರಿಂದ ಕಿತ್ತು ಹಾಕಿಕೊಳ್ಳಬೇಕು. ಇಲ್ಲದಿದ್ದರೆ ರಾಡ್ ಖಾಲಿ ತೂತಿನಲ್ಲಿ ಅಲೆದಾಡುತ್ತದೆ. ಅಲ್ಲಿ ಎರಡು ಮಿಲಿಮೀಟರ್ ಹೋದರೆ ಲಿವರ್ ತುದಿಯಲ್ಲಿ ಬೆರಳು ದಪ್ಪ ಆಟ ಬರುತ್ತದೆ.

ತುಂಗಾತೀರ

ಸಿಕ್ಕಿತು!! ಹೊಸ ಲಿವರ್‌ನ ತೂತು ಖಾಲಿ. ಹಳೇ ಲಿವರ್ ಎಲ್ಲಿದೆ ಅಂತ ಇಡೀ ಮನೆ ಹುಡುಕಿದೆ. ಕೊನೆಗೆ ಅಮ್ಮ ಅದನ್ನು ಹಿತ್ತಲ ಬಾಗಿಲಿಗೆ ಅಗುಳಿ ಮಾಡಿಕೊಂಡಿದ್ದರು. ಬುಷ್ ಅದರಲ್ಲೇ ಕೂತಿದೆ, ತುಕ್ಕಿಲ್ಲ. ಗುಳಿ ಒಂದು ಕಡೆ ಸ್ವಲ್ಪ ಮೊಟ್ಟೆಯಾಕಾರಕ್ಕೆ ಸವೆದಿದೆ.

ಒರೆಸಿ ಹಾಕಿದೆ. ಅರ್ಧ ಇಂಚು ಒತ್ತುವಷ್ಟರಲ್ಲೇ ಕೈಗೆ ಗಟ್ಟಿ ಸಿಗುತ್ತದೆ. ಬಿ.ಎಚ್. ರೋಡಿನ ಸಿಗ್ನಲ್‌ನಲ್ಲಿ ಬೆರಳ ತುದಿಯಲ್ಲಿ ನ್ಯೂಟ್ರಲ್ ಬಿತ್ತು. ಬುಷ್‌ಗೆ ಗ್ರೀಸ್ ಹಚ್ಚಬಹುದಾ? ಮತ್ತೆ ಅರ್ಧ ಬಾಟಲಿ ಡಾಟ್ 4 ಉಳಿದಿದೆ, ಮುಂದಿನ ವರ್ಷಕ್ಕೆ ಆಗುತ್ತಾ?

ಹಳೇ ಸ್ಪ್ಯಾನರ್

ಬುಷ್‌ಗೆ, ಪಿವಟ್‌ಗೆ ಚೂರು ಗ್ರೀಸ್ ಹಚ್ಚಿ. ಮಾಸ್ಟರ್‌ನ ರಬ್ಬರ್ ಕಡೆ ಮಾಮೂಲಿ ಗ್ರೀಸ್ ಹೋಗಬಾರದು. ಸವೆದ ಬುಷ್ ಸದ್ಯಕ್ಕೆ ನಡೆಯುತ್ತದೆ, ಹೊಸದೊಂದು ಆರ್ಡರ್ ಹಾಕಿಡಿ.

ಒಂದು ಪರೀಕ್ಷೆ ಬಾಕಿ ಇದೆ. ಡಬ್ಬಿ ಮುಚ್ಚಳ ತೆಗೆದು, ಲಿವರನ್ನು ಕೂದಲೆಳೆಯಷ್ಟು ಅಲುಗಿಸಿ ನೋಡಿ. ತಳದ ಸಣ್ಣ ತೂತಿನಿಂದ ಫ್ಲೂಯಿಡ್ ಪುಟ್ಟ ಬುಗ್ಗೆಯ ಹಾಗೆ ಏಳಬೇಕು. ಎದ್ದರೆ ಸರಿ. ಏಳದಿದ್ದರೆ ತೂತು ಕಟ್ಟಿದೆ, ಇಲ್ಲಾ ರಾಡ್ ಪಿಸ್ಟನ್ನನ್ನು ಸದಾ ಒತ್ತಿಕೊಂಡಿದೆ ಅಂತ ಅರ್ಥ. ಆಗ ಫ್ಲೂಯಿಡ್ ಬಿಸಿಯಾಗಿ ಹಿಗ್ಗಿದರೆ ವಾಪಸ್ ಬರಲು ದಾರಿ ಇರೋದಿಲ್ಲ, ಕ್ಲಚ್ ಜಾರಲು ಶುರುವಾಗುತ್ತದೆ.

ತೆರೆದ ಬಾಟಲಿ ಇಡಬೇಡಿ. ಡಾಟ್ 4 ಗಾಳಿಯ ತೇವ ಕುಡಿಯುತ್ತದೆ. ಹೊಸದಕ್ಕೆ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಇರಬೇಕು, ತೇವ ಕುಡಿದದ್ದಕ್ಕೆ ಲೆಕ್ಕ 155. ಮಲೆನಾಡಿನ ಮಳೆಯಲ್ಲಿ ಅದು ಬೇಗ ಕುಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಹೊಸ ಬಾಟಲಿ ತಂದು ಬದಲಿಸಿ.

ತುಂಗಾತೀರ

ಬುಗ್ಗೆ ಏಳುತ್ತಿದೆ ಸರ್, ವಿಡಿಯೋ ಹಾಕುತ್ತೇನೆ. ಅಮ್ಮ ಅಗುಳಿ ವಾಪಸ್ ಕೇಳಿದರು, ಕೊಟ್ಟೆ.