ಫರಸಿ ನೆಲದ ಕೋಣೆಯಲ್ಲಿ ಅಪ್ಪನ ತತ್ವಪದ

ಪ್ರಶ್ನೆ (ಕಲಬುರಗಿ): ನಮ್ಮದು ಹತ್ತಡಿ ಚೌಕದ ಕೋಣೆ, ನೆಲಕ್ಕೆ ಶಹಾಬಾದ್ ಫರಸಿ, ಮೇಲೆ ತಗಡು. ಅಪ್ಪ ಏಕತಾರಿ ಮೀಟುತ್ತಾ ಹಾಡುವ ತತ್ವಪದಗಳನ್ನು ಧ್ವನಿಮುದ್ರಿಸುತ್ತಿದ್ದೇನೆ. ಅವರಿಗೆ 71 ವರ್ಷ, ತಡಮಾಡುವಂತಿಲ್ಲ. ದನಿ ಬಾವಿಯೊಳಗಿಂದ ಬಂದಂತಿದೆ. ಫ್ಯಾನ್ ನಿಲ್ಲಿಸಿದರೆ ಸೆಕೆಗೆ ಎರಡನೇ ನುಡಿಗೇ ದಣಿಯುತ್ತಾರೆ. ಏನು ಮಾಡಲಿ?

ಉತ್ತರ (ಬೀದರ್): ಅಣ್ಣಾ, ಮನೆಯಲ್ಲಿ ಕೌದಿಗಳಿವೆಯೇ? ಒಂದನ್ನು ನೆಲಕ್ಕೆ ಹಾಸಿ, ಎರಡನ್ನು ಅಪ್ಪನವರ ಬೆನ್ನ ಹಿಂದೆ ತೂಗುಹಾಕಿ. ಕಾರ್ಡಿಯಾಯ್ಡ್ ಮೈಕ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಮೈಕ್) ತನ್ನ ಹಿಂದಿನ ಸದ್ದನ್ನು ಕಡಿಮೆ ಹಿಡಿಯುತ್ತದೆ; ಹಾಡುವವರ ಬೆನ್ನಿನ ಗೋಡೆಯಿಂದ ಬರುವ ಮಾರ್ದನಿಯೇ ಕಾಟ ಕೊಡುವುದು. ಮೈಕ್ ಬಾಯಿಂದ ಒಂದು ಗೇಣು ದೂರವಿರಲಿ.

ಉತ್ತರ (ಯಾದಗಿರಿ): ನಸುಕಿನ ಐದಕ್ಕೆ ಕೂರಿಸಿ, ಫ್ಯಾನ್ ಬೇಕಾಗುವುದಿಲ್ಲ. ಬಿಸಿಲೇರಿದರೆ ತಗಡೂ ಟಕಟಕ ಎನ್ನುತ್ತದೆ.

ಪ್ರಶ್ನೆ ಕೇಳಿದವರು: ಅಜ್ಜಿ ಹೊಲಿದ ಕೌದಿಗಳನ್ನೇ ಕಟ್ಟಿದೆ. ಬೆರಳು ತೆಗೆದ ಮೇಲೂ ತಂತಿಯಲ್ಲಿ ಉಳಿಯುವ ಝೇಂಕಾರ ಈಗ ಕೇಳುತ್ತಿದೆ. ಕೊನೆಯಲ್ಲಿ ಅಪ್ಪ ಕೆಮ್ಮಿದ್ದಾರೆ, ಅದನ್ನು ಅಳಿಸಿಲ್ಲ.