ಆಕ್ಸಿಟೋಸಿನ್ ಸ್ಪ್ರೇ ಹೊಡ್ಕೊಂಡ್ರೆ ನಂಬಿಕೆ ಜಾಸ್ತಿ ಆಗುತ್ತಾ?

ಕಾಫಿಪ್ರಿಯ: ಆನ್‌ಲೈನಲ್ಲಿ 'ಲವ್ ಹಾರ್ಮೋನ್' ಅಂತ ಮೂಗಿಗೆ ಹಾಕೋ ಸ್ಪ್ರೇ ಮಾರ್ತಿದಾರೆ, ಎದುರಿಗಿರೋರಿಗೆ ನಮ್ಮ ಮೇಲೆ ನಂಬಿಕೆ ಬರುತ್ತಂತೆ. ನಿಜಾನಾ, ಬರೀ ಬುರುಡೆನಾ?

ಲ್ಯಾಬ್‌ಮೇಟ್: ಮೂಲ ಇದೆ ಗುರು. 2005ರಲ್ಲಿ ಜ್ಯೂರಿಕ್‌ನಲ್ಲಿ ಹುಡುಗರ ಕೈಲಿ ದುಡ್ಡಿನ ಆಟ ಆಡಿಸಿದ್ರು, ಗುರುತಿಲ್ಲದೋನ ಕೈಗೆ ಎಷ್ಟು ದುಡ್ಡು ಕೊಡ್ತೀಯ ಅಂತ, ಅವನು ವಾಪಸ್ ಕೊಡ್ಬಹುದು, ಇಟ್ಕೊಂಡೂ ಬಿಡ್ಬಹುದು. ಸ್ಪ್ರೇ ತಗೊಂಡ 29 ಜನರಲ್ಲಿ 13 ಜನ ಪೂರ್ತಿ ಕೊಟ್ರು, ಡಮ್ಮಿ ಸ್ಪ್ರೇ ತಗೊಂಡ 29ರಲ್ಲಿ 6 ಜನ ಅಷ್ಟೇ. ಪೇಪರ್‌ನೋರು ಹಬ್ಬ ಮಾಡಿದ್ರು. ಆದ್ರೆ 2020ರಲ್ಲಿ 677 ಜನರ ಮೇಲೆ ಮತ್ತೆ ಮಾಡಿ ನೋಡಿದಾಗ ಒಟ್ಟಾರೆ ಅಂಥಾ ವ್ಯತ್ಯಾಸ ಏನೂ ಸಿಗ್ಲಿಲ್ಲ. ಇನ್ನೊಂದು, ಆ ಆಟದಲ್ಲಿ ಸ್ಪ್ರೇ ಹೊಡ್ಕೊಂಡಿದ್ದು ನಂಬೋನು, ನಂಬಿಸೋನಲ್ಲ, ಅಂದ್ರೆ ನೀನು ಹೊಡ್ಕೊಂಡ್ರೆ ನೀನೇ ಮೋಸ ಹೋಗ್ಬೇಕು 😄

ಹಳ್ಳಿಹೈದ: ನಮ್ ಕಡೆ ಇದು ಹಾಲಿನ ಇಂಜೆಕ್ಷನ್ ಅಂತಾನೇ ಫೇಮಸ್ಸು, ಕರು ಬಾಯಿ ಹಾಕಿದ ತಕ್ಷಣ ಹಸು ಹಾಲು ಇಳಿಸುತ್ತಲ್ಲ ಅದೂ ಇದೇ ಹಾರ್ಮೋನ್ ಕೆಲಸ, ಅದನ್ನೇ ಸೂಜಿ ಚುಚ್ಚಿ ಮಾಡಿಸೋದು. ಈ ದುರುಪಯೋಗ ತಡೀಬೇಕು ಅಂತ 2018ರಲ್ಲಿ ಬೆಂಗಳೂರಿನ ಸರ್ಕಾರಿ ಕಂಪನಿ ಒಂದೇ ತಯಾರಿಸ್ಬೇಕು ಅಂತ ಕೇಂದ್ರ ಆದೇಶ ಮಾಡಿತ್ತು, ದೆಹಲಿ ಹೈಕೋರ್ಟ್ ಅದನ್ನ ರದ್ದು ಮಾಡ್ತು, ಯಾಕಂದ್ರೆ ಹೆರಿಗೆ ಆದ್ಮೇಲೆ ರಕ್ತಸ್ರಾವ ನಿಲ್ಲಿಸೋಕೆ ಇದು ಬೇಕೇ ಬೇಕು.

ಲ್ಯಾಬ್‌ಮೇಟ್: ಸೂಪರ್ ಪಾಯಿಂಟ್. ಜೋಡಿ ಬಿಡದೆ ಬದುಕೋ ಪ್ರೇರಿ ವೋಲ್ ಅನ್ನೋ ಇಲಿಯಂಥ ಪ್ರಾಣಿಗೂ ಇದೇ ಕಾರಣ ಅಂತಿದ್ರು, 2023ರಲ್ಲಿ ಅದರ ಆಕ್ಸಿಟೋಸಿನ್ ರಿಸೆಪ್ಟರ್ (ಅಂದ್ರೆ ಈ ಹಾರ್ಮೋನ್‌ನ ಹಿಡ್ಕೊಳ್ಳೋ ಜೀವಕೋಶದ ಭಾಗ) ಜೀನ್‌ನೇ ಕೆಡಿಸಿ ನೋಡಿದ್ರೂ ಜೋಡಿ ಕಟ್ಕೊಂಡ್ವು.

ಕಾಫಿಪ್ರಿಯ: ಸರಿ ಬಿಡಿ, ಆರ್ಡರ್ ಕ್ಯಾನ್ಸಲ್ ಮಾಡ್ತೀನಿ.