ಹಳೆಯ ಅಲ್ಯೂಮಿನಿಯಂ ಮೀನು ದೋಣಿಯ ದುರಸ್ತಿ ಮತ್ತು ಹೊಸ ವೈರಿಂಗ್: ಅನುಭವ ಇರುವವರು ತಿಳಿಸಿ

ಕೇಳಿದವರು, ಮಂಡ್ಯ:
ನಮ್ಮ ಸೋದರಮಾವನವರು ಕನ್ನಂಬಾಡಿ ಹಿನ್ನೀರಿನಲ್ಲಿ ಪರವಾನಗಿ ಪಡೆದು ಮೀನು ಹಿಡಿಯುತ್ತಾರೆ. ಇದುವರೆಗೆ ಹರಿಗೋಲನ್ನೇ ನಂಬಿದ್ದ ಅವರಿಗಾಗಿ ಹದಿನಾಲ್ಕು ಅಡಿಯ, ರಿವೆಟ್ ಹೊಡೆದ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಂಡಿದ್ದೇನೆ. ತಳ ಸೋರುತ್ತದೆ, ವೈರುಗಳೆಲ್ಲ ಹಸಿರುಗಟ್ಟಿವೆ. ತಳಕ್ಕೆ ಆರ್ಗಾನ್ ವೆಲ್ಡಿಂಗ್ ಮಾಡಿಸಬೇಕೇ? ದೀಪ, ನೀರು ಹೊರಹಾಕುವ ಪಂಪು ಮತ್ತು ಬ್ಯಾಟರಿ ಮೋಟಾರಿಗೆ ವೈರು ಎಳೆಯುವುದು ಹೇಗೆ?

ಉತ್ತರ, ಮೇಟಗಳ್ಳಿ, ಮೈಸೂರು:
ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದ ಮೇಲೆ ಇಂತಹ ಎರಡು ದೋಣಿಗಳನ್ನು ಸರಿಪಡಿಸಿದ್ದೇನೆ. ವೆಲ್ಡಿಂಗ್ ಅಂಗಡಿಗೆ ಈಗಲೇ ಹೋಗಬೇಡಿ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಅದರ ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿಗೂ ಹೆಚ್ಚು ಶಾಖ ಬೇಕಾಗುತ್ತದೆ. ಆ ಪದರವನ್ನೂ ಹಳೆಯ ಬಣ್ಣ, ಎಣ್ಣೆಗಳನ್ನೂ ಪೂರ್ತಿಯಾಗಿ ತೆಗೆಯದೆ ಬೆಸೆದರೆ ಬೆಸುಗೆಯೊಳಗೆ ಗುಳ್ಳೆಗಳು ಉಳಿಯುತ್ತವೆ, ಶಾಖ ತಗುಲಿದ ಕಡೆ ತೆಳು ತಗಡು ಮೆತ್ತಗಾಗುತ್ತದೆ, ಪಕ್ಕದ ರಿವೆಟ್‌ಗಳೂ ಸಡಿಲಗೊಳ್ಳುತ್ತವೆ. ತಗಡು ಸೀಳಿದ್ದರೆ ಮಾತ್ರ ವೆಲ್ಡಿಂಗ್ ಸರಿ.

ದೋಣಿಯನ್ನು ಹಳೆಯ ಟೈರುಗಳ ಮೇಲೆ ಕೂರಿಸಿ, ಒಳಗೆ ನಾಲ್ಕು ಬೆರಳಿನಷ್ಟು ಮಾತ್ರ ನೀರು ತುಂಬಿಸಿ, ಹೊರಗೆ ಒದ್ದೆಯಾಗುವ ಪ್ರತಿಯೊಂದು ರಿವೆಟ್‌ಗೂ ಗುರುತು ಹಾಕಿ. ಅಂಚಿನವರೆಗೆ ತುಂಬಿಸುವ ಆಸೆ ಬೇಡ. ಸಾವಿರ ಲೀಟರ್ ನೀರು ಒಂದು ಟನ್ ತೂಗುತ್ತದೆ, ದೋಣಿ ನೀರಿನಲ್ಲಿ ತೇಲಲು ಮಾಡಿದ್ದೇ ಹೊರತು ನೀರು ಹೊರಲು ಅಲ್ಲ. ಗುರುತು ಹಾಕಿದ ರಿವೆಟ್‌ನ ತಲೆಗೆ ಒಬ್ಬರು ಭಾರದ ಕಬ್ಬಿಣವನ್ನು ಒತ್ತಿ ಹಿಡಿದು, ಇನ್ನೊಬ್ಬರು ಆಚೆ ಬದಿಯಿಂದ ಸುತ್ತಿಗೆಯಲ್ಲಿ ಹೊಡೆದರೆ ಅರ್ಧಕ್ಕಿಂತ ಹೆಚ್ಚು ಸೋರಿಕೆ ಅಲ್ಲಿಗೇ ನಿಂತೀತು. ನಿಲ್ಲದಿದ್ದರೆ ಕೊರೆದು ತೆಗೆದು, ಒಂದು ಅಳತೆ ದಪ್ಪನಾದ ಗಟ್ಟಿ ಅಲ್ಯೂಮಿನಿಯಂ ರಿವೆಟ್‌ಗೆ ಪಾಲಿಯುರೆಥೇನ್ ಸೀಲಂಟ್ ಹಚ್ಚಿ ಹೊಡೆಯಿರಿ. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಪಾಪ್ ರಿವೆಟ್ ನಡುವೆ ಟೊಳ್ಳು. ನೀರು ಅದರ ಹೊಟ್ಟೆಯಿಂದಲೇ ಬರುತ್ತದೆ. ನನ್ನ ಮೊದಲ ದೋಣಿಗೆ ಅವನ್ನೇ ನಲವತ್ತು ಹೊಡೆದು, ನಲವತ್ತನ್ನೂ ಮತ್ತೆ ಕೊರೆದು ತೆಗೆದವನು ನಾನು.

ಉಜ್ಜಲು ಕಬ್ಬಿಣದ ತಂತಿ ಬ್ರಷ್ ಬಳಸಬೇಡಿ, ಅದರ ಪುಡಿ ತಗಡಿನಲ್ಲಿ ಕಚ್ಚಿಕೊಂಡು ಅಲ್ಲಲ್ಲಿ ತಿನ್ನತೊಡಗುತ್ತದೆ. ಬಣ್ಣಕ್ಕೆ ಮೊದಲು ಅಲ್ಯೂಮಿನಿಯಂಗೆಂದೇ ಇರುವ, ತಗಡಿಗೆ ಕಚ್ಚಿಕೊಳ್ಳುವ ಎಚ್ (etch) ಪ್ರೈಮರ್ ಬೇಕು. ಹರಿಗೋಲಿನ ಅಭ್ಯಾಸದಿಂದ ಯಾರಾದರೂ ಡಾಂಬರು ಬಳಿಯಲು ಹೇಳಿಯಾರು. ಬಳಿದರೆ ಮುಂದೆ ಸೋರಿಕೆ ಎಲ್ಲಿದೆಯೆಂದು ಹುಡುಕುವುದೇ ಕಷ್ಟ.

ಉತ್ತರ, ಶ್ರೀರಂಗಪಟ್ಟಣ:
ನಾನು ವೈರಿಂಗ್ ಬಗ್ಗೆ ಮಾತ್ರ ಹೇಳುತ್ತೇನೆ. ಟ್ರ್ಯಾಕ್ಟರಿನಲ್ಲಿ ಬ್ಯಾಟರಿಯ ನೆಗೆಟಿವ್ ಅನ್ನು ಚಾಸಿಗೆ ಕಟ್ಟುತ್ತಾರೆ. ನಮ್ಮ ಕಡೆಯ ಆಟೋ ಎಲೆಕ್ಟ್ರಿಷಿಯನ್‌ಗಳ ಕೈ ಅದಕ್ಕೇ ಪಳಗಿರುವುದರಿಂದ ದೋಣಿಯನ್ನು ಅವರಿಗೆ ಒಪ್ಪಿಸುವಾಗ ಪಕ್ಕದಲ್ಲೇ ನಿಂತಿರಿ. ಅಲ್ಯೂಮಿನಿಯಂ ದೋಣಿಯಲ್ಲಿ ತಗಡಿನ ಮೂಲಕ ಕರೆಂಟು ಹರಿಯಕೂಡದು; ಹರಿದರೆ ನೀರಿನಲ್ಲಿರುವ ತಳ ಸವೆಯುತ್ತದೆ. ಪ್ರತಿ ದೀಪಕ್ಕೂ ಪಂಪಿಗೂ ಹೋಗುವ ವೈರು, ಮರಳುವ ವೈರು ಎಂದು ಎರಡನ್ನೂ ಬ್ಯಾಟರಿಯವರೆಗೆ ಎಳೆಯಬೇಕು.

ಕತ್ತರಿಸಿದ ತಾಮ್ರದ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆಯಿರಿ. ನಾನು ಬಿಟ್ಟಿದ್ದ ಒಂದು ಚೂರು ಹಲಗೆಯ ಕೆಳಗಿನ ಕೊಳೆನೀರಿನಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತನ್ನ ಆಕಾರದಲ್ಲೇ ಗುಳಿ ತೋಡಿತ್ತು. ಬಲೆಯ ಸೀಸದ ಗುಂಡುಗಳಿಗೂ ಇದೇ ಎಚ್ಚರಿಕೆ ಬೇಕೆಂದು ಮಾವನವರಿಗೆ ತಿಳಿಸಿ.

ವೈರಿನ ದಪ್ಪದಲ್ಲಿ ಉಳಿತಾಯ ಮಾಡಬೇಡಿ. 12 ವೋಲ್ಟಿನ ಮೋಟಾರು 30 ಆಂಪಿಯರ್ ಎಳೆಯುತ್ತದೆ, ಬ್ಯಾಟರಿ ಐದು ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಹೋಗಿ ಬರುವ ಹತ್ತು ಮೀಟರಿಗೆ 16 ಚದರ ಮಿಲಿಮೀಟರಿನ ತಾಮ್ರದ ವೈರು ಹಾಕಿದರೆ ಸುಮಾರು 0.36 ವೋಲ್ಟ್, ಅಂದರೆ ಶೇಕಡಾ ಮೂರರಷ್ಟು ಮಾತ್ರ ನಷ್ಟವಾಗುತ್ತದೆ. ಮನೆ ವೈರಿಂಗಿನ 2.5ರ ವೈರಿನಲ್ಲಾದರೆ ಎರಡು ವೋಲ್ಟಿಗೂ ಹೆಚ್ಚು ಕಳೆದು ವೈರೇ ಬಿಸಿಯಾಗುತ್ತದೆ. ದೀಪಗಳು ಎಲ್‌ಇಡಿ ಆದರೆ ಅವುಗಳಿಗೆ ತೆಳು ವೈರು ಸಾಕು. ಯಾವುದಾದರೂ ತವರ ಲೇಪಿಸಿದ ಎಳೆಎಳೆಯ ವೈರೇ ಇರಲಿ. ತುದಿಗಳಿಗೆ ಲೋಹದ ಟರ್ಮಿನಲ್ ಹಾಕಿ ಇಕ್ಕಳದಲ್ಲಿ ಒತ್ತಿ ಬಿಗಿದು (ಕ್ರಿಂಪ್ ಮಾಡಿ), ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಕೂರುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ.

ಬ್ಯಾಟರಿಯ ಪಾಸಿಟಿವ್‌ನಿಂದ ಅರ್ಧ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಪಂಪಿಗೆ ಮಾತ್ರ ಮುಖ್ಯ ಸ್ವಿಚ್ಚಿನ ಹಂಗಿಲ್ಲದೆ ತನ್ನದೇ ಫ್ಯೂಸಿನ ಮೂಲಕ ನೇರ ಸಂಪರ್ಕ ಕೊಟ್ಟು ಫ್ಲೋಟ್ ಸ್ವಿಚ್ ಜೋಡಿಸಿದರೆ, ರಾತ್ರಿ ಮಳೆ ಬಂದು ದಡದಲ್ಲಿ ಕಟ್ಟಿದ ದೋಣಿ ತುಂಬಿದರೂ ಅದು ತಾನಾಗಿ ಓಡುತ್ತದೆ.

ಉತ್ತರ, ಕೆ.ಆರ್. ನಗರ:
ಸೀಟುಗಳ ಕೆಳಗಿನ ಫೋಮನ್ನು ತೆಗೆದು ತೂಗಿ ನೋಡಿ. ನೀರು ಹೀರಿದ ಫೋಮಿನಿಂದ ದೋಣಿ ಹೆಣಭಾರವಾಗುತ್ತದೆ. ಹಿಂಬದಿಯ ಮೋಟಾರು ಹಲಗೆಯನ್ನು ಬದಲಿಸುವಾಗ ತಾಮ್ರದ ರಾಸಾಯನಿಕದಲ್ಲಿ ಸಂಸ್ಕರಿಸಿದ ಪ್ಲೈವುಡ್ ಕೊಳ್ಳಬೇಡಿ, ಅದೂ ತಗಡನ್ನು ತಿನ್ನುತ್ತದೆ. ಸಾಧಾರಣ ಮರೀನ್ ಪ್ಲೈಗೆ ಎಲ್ಲ ಅಂಚುಗಳಿಗೂ ಎಪಾಕ್ಸಿ ಕುಡಿಸಿ ಹಾಕಿ. ಮೋಟಾರು ಕೊಳ್ಳುವ ಮೊದಲೇ ಮೀನುಗಾರಿಕೆ ಇಲಾಖೆಯಲ್ಲಿ ಅನುಮತಿಯ ವಿಷಯ ವಿಚಾರಿಸುವುದು ಒಳ್ಳೆಯದು.

ಕೇಳಿದವರು, ಮಂಡ್ಯ:
ಎಲ್ಲರಿಗೂ ವಂದನೆಗಳು. ಭಾನುವಾರ ನೀರು ತುಂಬಿಸಿ ನೋಡಿದೆವು. ಸೋರಿದ್ದು ಹದಿಮೂರು ರಿವೆಟ್‌ಗಳು, ಅವುಗಳಲ್ಲಿ ಹತ್ತು ನಡುದಿಂಡಿನ ಸಾಲಿನಲ್ಲೇ ಇವೆ. ತಗಡು ಎಲ್ಲಿಯೂ ಸೀಳಿಲ್ಲ. ಹಳೆಯ ವೈರು ಕಿತ್ತಾಗ ನೆಗೆಟಿವ್ ತುದಿ ಹಿತ್ತಾಳೆಯ ಬೋಲ್ಟಿನಲ್ಲಿ ತಗಡಿಗೇ ಬಿಗಿದಿತ್ತು, ಅದರ ಸುತ್ತ ಬಿಳಿಯ ಪುಡಿ ಕಟ್ಟಿತ್ತು. ಸುತ್ತಿಗೆ ಹಿಡಿಯಲು ಮಾವನವರು ಮುಂದಿನ ವಾರ ಬರುತ್ತಾರೆ.